ದಾರಿ ಬಿಡ್ರಪ್ಪ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಕೆಂಚನ ಜೊತೆ ವಾಕಿಂಗ್ ಹೋದಾಗ ತೆಗೆದ ಫೋಟೋವೊಂದನ್ನು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ತೆಳ್ಳಗೆ ಮಂಜು, ಎದೆಮಟ್ಟ ಹಸಿರು, ಹಸಿರಿನ ನಡುವೆ ಕೆಂಚನ ಬಾಲದ ತುದಿ. ಐದು ನಿಮಿಷ ಆಗಿರಲಿಲ್ಲ, ಶುರುವಾಯ್ತು. "ಎಂಥಾ ಗ್ರೀನರಿ ಗುರು!" "ಪುಣ್ಯ ಮಾಡಿದ್ದೆ ಮಗಾ, ನಾವಿಲ್ಲಿ ಸಿಲ್ಕ್ ಬೋರ್ಡಲ್ಲಿ ಸಾಯ್ತಿದೀವಿ." ಒಬ್ಬ ಮಹಾರಾಯ "ಆ ಕಡೆ ಒಂದೆಕರೆ ಇದ್ರೆ ನೋಡು" ಅಂತಲೂ ಕೇಳಿದ.

ಆ ಹಸಿರು ಯಾವುದು ಅಂತ ನಾನು ಅವರಿಗೆ ಹೇಳಲಿಲ್ಲ. ಇಲ್ಲಿ ಹೇಳ್ತೀನಿ. ಫೋಟೋದಲ್ಲಿ ಮುಂದುಗಡೆ ಬಿಳಿ ಹೂ ಬಿಟ್ಟುಕೊಂಡು ನಿಂತಿದ್ದದ್ದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಹಿಂದೆ ಗೋಡೆ ಕಟ್ಟಿದ ಹಾಗೆ ಕಾಣುವುದು ಲಾಂಟಾನ. ಬಲಗಡೆ ಬಾಗಿಕೊಂಡಿರೋದು ಬಳ್ಳಾರಿ ಜಾಲಿ. ಮೂರೂ ಈ ನೆಲದವಲ್ಲ. ಮೂರನ್ನೂ ಕುರಿ, ದನ ಸೊಪ್ಪಿಗಾಗಿ ಮುಟ್ಟುವುದಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗ ಅದೇ ಜಾಗದಲ್ಲಿ ರಾಗಿ, ರಾಗಿಯ ಸಾಲಲ್ಲಿ ಅವರೆ, ಬದುವಿನ ಪಕ್ಕ ಹುಚ್ಚೆಳ್ಳು ಇರುತ್ತಿತ್ತು. ಇನ್ನೊಂದು ವಿಷಯ ಫೋಟೋದಲ್ಲಿ ಕಾಣಿಸುತ್ತಿರಲಿಲ್ಲ. ಕೆಂಚನ ಬಾಲದಿಂದ ನಾಲ್ಕು ಮಾರು ಆಚೆಗೆ ಕಲ್ಲುಕಂಬ ನೆಟ್ಟು ಐದು ಎಳೆ ಮುಳ್ಳುತಂತಿ ಬಿಗಿದಿದ್ದಾರೆ. ನಮ್ಮ ವಾಕಿಂಗ್ ಅಲ್ಲಿಗೆ ಮುಗಿಯುತ್ತೆ. ಮುಂದೆ ದಾರಿ ಇಲ್ಲ.

ನಮ್ಮೂರು ಮದ್ದೂರು ತಾಲ್ಲೂಕೂ ಮಳವಳ್ಳಿ ತಾಲ್ಲೂಕೂ ಒಂದಕ್ಕೊಂದು ತಾಗುವ ಕಡೆ ಇದೆ. 2020ರಲ್ಲಿ ಕೊರೊನಾ ಬಂದು ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದಾಗ ವಾಪಸ್ ಬಂದವನು, ಆಮೇಲೆ ವಾರಕ್ಕೆ ಎರಡು ದಿನ ಬೆಂಗಳೂರು, ಮಿಕ್ಕಿದ್ದು ಊರು ಅಂತ ಮಾಡಿಕೊಂಡೆ. ಕೆಂಚ ಸಿಕ್ಕಿದ್ದು ಆಗಲೇ, ಹುಲ್ಲುಮೆದೆ ಸಂದಿಯಲ್ಲಿ. ಯಾವ ಬ್ರೀಡೂ ಅಲ್ಲ, ಅಪ್ಪಟ ನಾಟಿ. ಆರು ಗಂಟೆಗೆ ಬಾಗಿಲು ಕೆರೆಯುತ್ತಾನೆ. ಅವತ್ತಿನಿಂದ ದಿನಾ ಒಂದೇ ದಾರಿ ನಡೀತಾ ಇದ್ದೀವಿ. ಅಥವಾ ನಡೆಯಕ್ಕೆ ನೋಡ್ತಾ ಇದ್ದೀವಿ. ಈ ಲೇಖನ ಆ ದಾರಿಯ ತಕರಾರು. ತಕರಾರು ಇರೋದು ನನ್ನ ಜಾತಿಯವರ ಮೇಲೆ. ಜಾತಿ ಅಂದರೆ ಲ್ಯಾಪ್‌ಟಾಪ್ ಜಾತಿ.

ಮೊದಲು ದಾರಿ ಹೆಂಗಿತ್ತು ಅಂತ ಕೇಳಿ. ಊರ ಹಿಂದಿನ ಕಣ ದಾಟಿ, ನಾಲೆ ಏರಿ ಹತ್ತಿ ಇಳಿದರೆ ಒಂದು ಓಣಿ. ಎರಡೂ ಕಡೆ ಕತ್ತಾಳೆ, ಲಕ್ಕಿ ಗಿಡ, ನಡುವೆ ಬಂಡಿ ಗಾಲಿ ಸವೆದು ಆದ ಎರಡು ಜಾಡು. ಓಣಿ ಮುಗಿದ ಮೇಲೆ ಬೆದ್ದಲು ಹೊಲಗಳ ನಡುವೆ ಹೋಗಿ ಕೆರೆ ಕೋಡಿಗೆ ಸೇರುತ್ತಿತ್ತು. ಅದೇ ದಾರಿಯಲ್ಲಿ ಗೊಬ್ಬರ ಹೋಗುತ್ತಿತ್ತು, ರಾಗಿ ಹೊರೆ ಬರುತ್ತಿತ್ತು, ಕುರಿ ಹೋಗುತ್ತಿತ್ತು, ಹೆಣವೂ ಹೋಗುತ್ತಿತ್ತು. ಕೋಡಿ ಪಕ್ಕವೇ ಊರ ಸ್ಮಶಾನ. ಹೋದ ವರ್ಷ ನಮ್ಮ ಬೀದಿಯ ಅಜ್ಜಿಯೊಬ್ಬರು ತೀರಿಕೊಂಡಾಗ ಚಟ್ಟ ಹೊತ್ತವರು ಟಾರ್ ರೋಡಿನ ಮೇಲೆ ಎರಡು ಮೈಲಿ ಸುತ್ತಿಕೊಂಡು ಹೋದರು. ಲಾರಿಗಳು ಹಾರನ್ ಹೊಡೀತಿದ್ವು. ತಮಟೆಯವನು ನಡುವೆ ಒಂದು ಸಲ ನಿಲ್ಲಿಸಿ, "ಸತ್ತೋರ್ಗೂ ಬೈಪಾಸ್ ಮಾಡುದ್ರಲ್ಲಪ್ಪ" ಅಂದ. ಯಾರೂ ನಗಲಿಲ್ಲ.

ಈಗ, ಜಮೀನು ಬೀಳು ಬೀಳೋದು ಹೊಸದೇನಲ್ಲ. ನಾನು ಕಂಡಂತೆ ನಮ್ಮ ಕಡೆ ನಾಲ್ಕು ಥರದ ಬೀಳಿದೆ. ಒಂದು, ನೀರಿಲ್ಲದ ಬೀಳು. ಮಂಡ್ಯ ಅಂದ ತಕ್ಷಣ ಹೊರಗಿನವರಿಗೆ ಕಬ್ಬು, ಭತ್ತ, ಕೆಆರ್‌ಎಸ್ ಕಣ್ಣಿಗೆ ಬರುತ್ತೆ. ವಿಶ್ವೇಶ್ವರಯ್ಯ ನಾಲೆ ಹುಟ್ಟುವುದು ಅಲ್ಲಿ, ಸರಿ. ಆದರೆ ಸಾಯುವುದು ನಮ್ಮ ಕಡೆ. ಕೊನೆಭಾಗ ಅನ್ನೋದು ಮದ್ದೂರು, ಮಳವಳ್ಳಿಯವರಿಗೆ ಹಣೆಬರಹದ ಹೆಸರು. 2023ರಂಥ ವರ್ಷ, ಕಾವೇರಿಗಾಗಿ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಗಿ, ಹಿಂದೆಯೇ ಕರ್ನಾಟಕ ಬಂದ್ ಆಯ್ತಲ್ಲ, ಅಂಥ ವರ್ಷ ನಾಟಿ ಮಾಡಬೇಡಿ ಅಂತಾರೆ. ಗದ್ದೆ ಹಂಗೇ ಬೀಳು ಬೀಳುತ್ತೆ. ಎರಡನೇದು ವ್ಯಾಜ್ಯದ ಬೀಳು. ಅಣ್ಣ ತಮ್ಮಂದಿರ ಪಾಲಿನ ಜಗಳ, ಕೋರ್ಟು, ಸ್ಟೇ. ಮೂರನೇದು ವಯಸ್ಸಿನ ಬೀಳು. ಅಪ್ಪ ಅಮ್ಮನಿಗೆ ಮಂಡಿನೋವು, ಮಗ ನನ್ನ ಥರ ಕೀಬೋರ್ಡ್ ಕುಟ್ಟುತ್ತಾನೆ. ಈ ಮೂರಕ್ಕೂ ಒಂದು ಗುಣ ಇದೆ. ಬೇಲಿ ಇರೋದಿಲ್ಲ. ಪಕ್ಕದವನು ದನ ಬಿಡುತ್ತಾನೆ, ಹೆಂಗಸರು ಹುಲ್ಲು ಕುಯ್ಯುತ್ತಾರೆ, ಸೌದೆ ಆರಿಸುತ್ತಾರೆ, ದಾರಿ ಹೋಕರು ಹೋಗುತ್ತಾರೆ. ಮಳೆ ಚೆನ್ನಾಗಾದ ವರ್ಷ ಯಾರಾದರೂ ಎರಡು ಸಾಲು ಹೊಡೆದು ಹುರುಳಿ ಚೆಲ್ಲುತ್ತಾರೆ. ಆ ಬೀಳು ಮಲಗಿರುತ್ತೆ, ಸತ್ತಿರಲ್ಲ.

ನಾಲ್ಕನೇದು ಕೊಂಡು ಬಿಟ್ಟ ಬೀಳು. ನನ್ನ ಜಗಳ ಇದರ ಜೊತೆ.

ಇದು ಹೆಂಗೆ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗೋಣ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದ್ದು. ಅದರೊಳಗೆ 79ಎ, 79ಬಿ ಅಂತ ಎರಡು ಕಲಂ ಇದ್ದವು. ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರುವವರು, ವ್ಯವಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ ಅನ್ನೋದು ಅವುಗಳ ಸಾರ. ಆ ವರಮಾನದ ಮಿತಿ 2 ಲಕ್ಷ ಇದ್ದದ್ದನ್ನು 2015ರಲ್ಲಿ 25 ಲಕ್ಷ ಮಾಡಿದರು. 2020ರಲ್ಲಿ ಕಲಂಗಳನ್ನೇ ತೆಗೆದುಹಾಕಿದರು. ಆಗ ಹೇಳಿದ್ದೇನು? ಕೃಷಿಗೆ ಹೊಸ ಬಂಡವಾಳ ಬರುತ್ತೆ, ಓದಿದ ಹುಡುಗರು ಹಳ್ಳಿಗೆ ಬರುತ್ತಾರೆ, ಹೊಸ ತಂತ್ರಜ್ಞಾನ ಬರುತ್ತೆ. ಮೂರು ವರ್ಷದ ಮೇಲೆ, 2023ರ ಮಾರ್ಚಿನಲ್ಲಿ, ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಕಾನೂನು ಬಾಗಿಲು ತೆಗೀತು, ರಸ್ತೆ ಬಾಗಿಲ ತನಕ ಕಾರು ತಂದು ನಿಲ್ಲಿಸ್ತು.

ಹಳೇ ಕಾನೂನು ಬಂಗಾರವಾಗಿತ್ತು ಅಂತ ನಾನು ಹೇಳ್ತಿಲ್ಲ. 79ಎ ಇದ್ದಾಗಲೂ ದುಡ್ಡಿದ್ದವರು ಕೊಂಡರು. ಎಲ್ಲಿಂದಲೋ ವ್ಯವಸಾಯಗಾರ ಅಂತ ಸರ್ಟಿಫಿಕೇಟ್ ತಂದರು, ಸುಳ್ಳು ಕಾಗದಕ್ಕೆ ಒಂದು ರೇಟು ಇತ್ತು. ಮಾರಿದವರನ್ನೂ ನಾನು ಬಯ್ಯಲ್ಲ. ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ ಅರ್ಧ ಎಕರೆ ಮಾರುವ ರೈತನಿಗೆ "ಭೂಮಿತಾಯಿಯನ್ನ ಮಾರಬೇಡ" ಅಂತ ಬುದ್ಧಿ ಹೇಳುವುದು, ತಿಂಗಳಿಗೊಮ್ಮೆ ಸಂಬಳ ಅಕೌಂಟಿಗೆ ಬೀಳುವವನ ಬಾಯಲ್ಲಿ ಚೆನ್ನಾಗಿರಲ್ಲ. ನನ್ನ ಪ್ರಶ್ನೆ ಕೊಂಡವರಿಗೆ. ಕೊಂಡ್ರಿ, ಸರಿ. ಆಮೇಲೆ?

ಆಮೇಲೆ ಏನಾಯ್ತು ಅಂದರೆ, ಮೊದಲನೇ ತಿಂಗಳು ಜೆಸಿಬಿ ಬಂತು. ಬದು ಕಿತ್ತು ನೆಲ ತಟ್ಟು ಮಾಡಿದರು. ಬದುವಿನಲ್ಲಿದ್ದ ಹೊಂಗೆ, ಬೇವು, ಬಂದರೆ, ತಂಗಡಿ ಹೋದವು. ಎರಡನೇ ತಿಂಗಳು ಕಲ್ಲುಕಂಬ, ಮುಳ್ಳುತಂತಿ, ಕಬ್ಬಿಣದ ಗೇಟು, ಬೀಗ. ಮೂರನೇ ತಿಂಗಳು ಕುಟುಂಬ ಸಮೇತ ಬಂದು ಪೂಜೆ ಮಾಡಿ, ಹತ್ತು ಮಾವಿನ ಸಸಿ ನೆಟ್ಟು, ಫೋಟೋ ತೆಗೆದುಕೊಂಡು, ಮದ್ದೂರು ವಡೆ ತಿಂದುಕೊಂಡು ಹೋದರು. ಅಷ್ಟೇ. ಬೇಸಿಗೆಯಲ್ಲಿ ಸಸಿ ಒಣಗಿದವು. ಕೆದಕಿ ಬಿಟ್ಟ ನೆಲಕ್ಕೆ ಮೊದಲು ಬಂದಿದ್ದು ಪಾರ್ಥೇನಿಯಂ. ಹಿಂದೆಯೇ ಲಾಂಟಾನ. ನಮ್ಮ ಮೂರು ಕಿಲೋಮೀಟರ್ ವಾಕಿಂಗ್ ಒಂದರಲ್ಲೇ ಇಂಥ ಏಳೆಂಟು ತುಂಡುಗಳಿವೆ. ಅದರೊಳಗೆ ಉತ್ತು ಬಿತ್ತುತ್ತಿರುವವರು ಇಬ್ಬರು. ಅವರಿಗೆ ನನ್ನ ನಮಸ್ಕಾರ. ಈ ಬಯ್ಗುಳ ಅವರಿಗಲ್ಲ.

"ನನ್ನ ಜಮೀನು, ನಾನು ಏನಾದ್ರೂ ಮಾಡ್ತೀನಿ, ನಿಂಗೇನು ಕಷ್ಟ?" ಅಂತೀರ. ಕಷ್ಟ ಹೇಳ್ತೀನಿ. ಪಾರ್ಥೇನಿಯಂ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ. ಬೀಜಕ್ಕೆ ನಿಮ್ಮ ಮುಳ್ಳುತಂತಿ ಗೊತ್ತಾಗಲ್ಲ. ಪಕ್ಕದ ಹೊಲದಲ್ಲಿ ಹೆಣ್ಣಾಳುಗಳು ಕಳೆ ಕೀಳುತ್ತಾ ಮೈ ಕೆರೆದುಕೊಳ್ಳುತ್ತಾರೆ, ಸಂಜೆ ಹೊತ್ತಿಗೆ ಸೀನು, ಉಬ್ಬಸ. ಈ ಗಿಡ ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮೆಕ್ಸಿಕೋದ ಒಂದು ಜೀರುಂಡೆಯನ್ನೇ ತಂದು ಬಿಟ್ಟರು. ಅದು ಮಳೆಗಾಲದಲ್ಲಿ ಅಷ್ಟಿಷ್ಟು ತಿನ್ನುತ್ತೆ, ಆದರೆ ನಿಮ್ಮ ಎರಡೆಕರೆ ಕಾಯುವ ಕೆಲಸ ಅದರದ್ದಲ್ಲ. ಲಾಂಟಾನದ ಬುಡದಲ್ಲಿ ಹಂದಿ ಸೇರಿಕೊಳ್ಳುತ್ತೆ. ರಾತ್ರಿ ಎದ್ದು ಪಕ್ಕದವನ ಕಬ್ಬು, ಮುಸುಕಿನ ಜೋಳ ಮುಗಿಸುತ್ತೆ. ಚಿರತೆ ಮೊದಲು ಕಬ್ಬಿನಗದ್ದೆಯಲ್ಲಿರುತ್ತಿತ್ತು, ಕಬ್ಬು ಕಡಿದಾಗ ಜಾಗ ಖಾಲಿ ಮಾಡುತ್ತಿತ್ತು. ನಿಮ್ಮ ಲಾಂಟಾನ ಯಾರೂ ಕಡಿಯಲ್ಲವಲ್ಲ, ಅದಕ್ಕೆ ಈಗ ಪರ್ಮನೆಂಟ್ ಮನೆ. ಚಿರತೆಗೆ ಮೊದಲ ತುತ್ತು ನಾಯಿ. ನಮ್ಮ ಬೀದಿಯಲ್ಲಿ ಈಗ ಸಂಜೆ ಆದ ಮೇಲೆ ನಾಯಿಗಳನ್ನು ಒಳಗೆ ಕಟ್ಟುತ್ತಾರೆ. ಕೊಳಕುಮಂಡಲದ ವಿಷಯ ಹೇಳಲೇಬೇಕಾಗಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದ್ದು ಸುಮ್ಮನೆ ಅಲ್ಲ. ಕಡಿಸಿಕೊಳ್ಳುವವರು ಯಾರು? ಗೇಟಿಗೆ ಬೀಗ ಹಾಕಿ ಬೆಂಗಳೂರಲ್ಲಿರುವವರಲ್ಲ.

ಕುರಿಯ ಮಾತು ಬೇರೆಯೇ ಇದೆ. ಬಂಡೂರು ಕುರಿ ಅಂದರೆ ನಿಮಗೆಲ್ಲ ಬಾಯಲ್ಲಿ ನೀರು ಬರುತ್ತೆ. ಆ ಬಂಡೂರು ಇರುವುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಅದರ ಮಾಂಸದ ರುಚಿ ಬಯಲಲ್ಲಿ ಓಡಾಡಿ ಗರಿಕೆ, ಸೊಪ್ಪು ಮೇಯ್ದು ಬಂದದ್ದು ಅಂತಾರೆ ನಮ್ಮ ಕಡೆ ಹಿರಿಯರು. ಲಾಂಟಾನ ಕುರಿಗೆ ವಿಷ, ಪಿತ್ತಜನಕಾಂಗ ಕೆಡುತ್ತೆ. ಲಾಂಟಾನದ ಅಡಿ ಹುಲ್ಲು ಬೆಳೆಯಲ್ಲ. ನೂರು ರಾಸಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಅಂತ ಕಂದಾಯ ನಿಯಮ ಹೇಳುತ್ತೆ. ಎಷ್ಟು ಊರಿನಲ್ಲಿ ಉಳಿದಿದೆ ಅಂತ ನಿಮ್ಮೂರಿಗೆ ಹೋಗಿ ನೋಡಿ. ಗೋಮಾಳ ಹೋಯ್ತು, ಬೇಲಿ ಇಲ್ಲದ ಬೀಳು ಒಂದೇ ಕುರಿಗೆ ಆಸರೆಯಾಗಿತ್ತು, ಅದಕ್ಕೂ ಬೇಲಿ ಬಿತ್ತು. ನಮ್ಮ ದೊಡ್ಡಪ್ಪ ಇಪ್ಪತ್ತೆರಡು ಕುರಿ ಇದ್ದವನು ಈಗ ಆರಕ್ಕೆ ಇಳಿದಿದ್ದಾನೆ. ಕೇಳಿದರೆ, "ಮೇಯ್ಸದೆಲ್ಲಿ ಮೊಗ, ನಿನ್ ಕಂಪ್ಯೂಟ್ರಲ್ಲಾ?" ಅಂತಾನೆ.

ಈಗ ಕೆಂಚನ ಕಥೆಗೆ ಬರ್ತೀನಿ. ಇದನ್ನು ಹೇಳದೆ ಬರೆದರೆ ನಾನು ಕಳ್ಳ ಆಗ್ತೀನಿ.

ಕಾರ್ತಿಕದ ಒಂದು ಬೆಳಿಗ್ಗೆ ಓಣಿ ಮುಗಿಯುವ ಕಡೆ ಒಂದು ಮೊಲ ಎದ್ದಿತು. ಕೆಂಚ ತಂತಿ ಕೆಳಗೆ ನುಸುಳಿ ಲಾಂಟಾನದೊಳಕ್ಕೆ ಹೋದ. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಒಂದು ಕೂಗು ಬಂತು. ನಾಯಿ ಹಂಗೆ ಕೂಗೋದನ್ನ ನಾನು ಕೇಳಿರಲಿಲ್ಲ. ಗೇಟಿಗೆ ಬೀಗ. ಕಾವಲಿಗೆ ಅಂತ ಇಟ್ಟಿರೋದು ನಮ್ಮೂರವರನ್ನೇ, ತಿಂಗಳಿಗೊಂದು ಸಾವಿರ ಎರಡು ಸಾವಿರ ಕೊಟ್ಟು. ಅವರನ್ನ ಎಬ್ಬಿಸಿ ಕರ್ಕೊಂಡು ಬಂದರೆ, "ಬೀಗದ ಕೈ ನನ್ನತ್ರ ಇಲ್ಲ ಕಣಪ್ಪ. ಓನರ್‌ಗೆ ಒಂದ್ ಫೋನ್ ಮಾಡಿ ಕೇಳ್ಬುಡು, ನನ್ನ ಬೈತಾರೆ" ಅಂದರು. ನಾನು ಫೋನ್ ಮಾಡಲಿಲ್ಲ. ತಂತಿ ಹತ್ತಿ ಆಚೆ ಹಾರಿದೆ. ಲಾಂಟಾನದ ಮುಳ್ಳು ಅಂಗಿ, ಚರ್ಮ ಎರಡನ್ನೂ ಹರೀತು. ಹತ್ತು ಮಾರು ಹೋಗಕ್ಕೆ ಕಾಲು ಗಂಟೆ. ಹಂದಿಗೆ ಅಂತ ಯಾರೋ ಬೈಕಿನ ಕ್ಲಚ್ ಕೇಬಲ್ಲಿನ ಉರುಳು ಹಾಕಿದ್ದರು. ಕೆಂಚನ ಹಿಂಗಾಲು ಸಿಕ್ಕಿಹಾಕಿಕೊಂಡು, ಎಳೆದಷ್ಟೂ ಬಿಗಿದು, ಮೂಳೆಗೆ ಇಳಿದಿತ್ತು. ಪಂಪ್‌ಹೌಸಿನಿಂದ ಕಟಿಂಗ್ ಪ್ಲೇಯರ್ ತರಿಸಿ ಕತ್ತರಿಸಿದೆವು. ಕಾಲು ಉಳೀತು, ಎರಡು ಬೆರಳು ಹೋದವು. ಈಗ ಕುಂಟುತ್ತಾನೆ. ಉರುಳು ಹಾಕಿದವನು ನಮ್ಮೂರವನೇ ಇರಬೇಕು, ಅದು ಅವನ ತಪ್ಪು, ಅದು ಅಪರಾಧ ಕೂಡ. ಆದರೆ ಉತ್ತ ಹೊಲದಲ್ಲಿ, ನಾಲ್ಕು ಜನ ಓಡಾಡುವ ದಾರಿಯಲ್ಲಿ ಯಾರೂ ಉರುಳು ಹಾಕಲ್ಲ. ಯಾರೂ ಬರದ ಜಾಗ ಸಿಕ್ಕಿತು, ಹಾಕಿದ.

ಮಧ್ಯಾಹ್ನ ಓನರಿಗೆ ಫೋನ್ ಮಾಡಿದೆ. ನಂಬರ್ ನನ್ನ ಹತ್ತಿರ ಇತ್ತು. ಇರದೆ ಏನು? ನನ್ನ ಪಕ್ಕದ ಸೀಟಿನಲ್ಲಿ ಮೂರು ವರ್ಷ ಕೂತಿದ್ದ ಗೆಳೆಯ. 2021ರಲ್ಲಿ "ನಿಮ್ಮೂರ ಕಡೆ ಎರಡೆಕರೆ ನೋಡು ಗುರು, ರಿಟೈರ್ ಆದ್ಮೇಲೆ ಬಂದು ರಾಗಿ ಬೆಳೀತೀನಿ" ಅಂದಾಗ, ಪಹಣಿ ತೆಗೆಸಿ, ಮ್ಯುಟೇಶನ್ ನೋಡಿ, ಮಾರುವವರ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದ್ದು ನಾನು. ಕಮಿಷನ್ ತಗೊಳ್ಳಲಿಲ್ಲ, ರಿಜಿಸ್ಟ್ರೇಷನ್ ದಿನ ಬಿರಿಯಾನಿ ತಿಂದೆ. ಊರಿಗೆ ಒಬ್ಬ ಒಳ್ಳೇ ಮನುಷ್ಯನನ್ನ ತಂದೆ ಅಂತ ಬೀಗಿದ್ದೆ.

ಕೆಂಚನ ವಿಷಯ ಕೇಳಿ ಅವನಿಗೆ ನಿಜಕ್ಕೂ ಬೇಜಾರಾಯ್ತು. "ಅಯ್ಯೋ, ಅಷ್ಟೊಂದು ಬೆಳ್ದಿದ್ಯಾ? ನಾನು ಬಂದು ಎರಡು ವರ್ಷ ಆಯ್ತಲ್ಲೋ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೆನ್ಸಿಂಗ್ ಚೆನ್ನಾಗಿದೆ ತಾನೇ?" ಅಂದ.

ಕೆಟ್ಟವನಲ್ಲ ಅವನು. ಅದೇ ನನಗೆ ಭಯ. ಕೆಟ್ಟವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇಡೀ ಒಂದು ಸೀಮೆಯನ್ನು ಬ್ಯಾಂಕ್ ಲಾಕರ್ ಮಾಡಿಕೊಂಡಿರುವುದು ನಮ್ಮಂಥ ಮರ್ಯಾದಸ್ಥರು. ಷೇರು ಒಂದಷ್ಟು, ಚಿನ್ನ ಒಂದಷ್ಟು, ಮಳವಳ್ಳಿ ಕಡೆ ಎರಡೆಕರೆ. ರೇಟು ಏರುತ್ತಿದ್ದರೆ ಸಾಕು, ಒಳಗೆ ಏನು ಬೆಳೆದರೇನು?

"ನೀನೇ ಯಾರಿಗಾದ್ರೂ ಉಳಕ್ಕೆ ಕೊಡು" ಅಂದೆ. "ಲಾಯರ್ ಬೇಡ ಅಂದ್ರು. ಉಳೋನೇ ಒಡೆಯ ಅಂತ ಕೇಸ್ ಹಾಕ್ಬಿಟ್ರೆ?" ಅಂದ. ಇಲ್ಲಿ ಸರ್ಕಾರದ ಕಡೆಗೂ ಒಂದು ಮಾತು ಹೇಳಬೇಕು. 1974ರ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ಎಷ್ಟೋ ಮನೆ ಉದ್ಧಾರವಾಯಿತು, ನಮ್ಮದೂ ಒಂದು. ಆದರೆ ಆ ಅರ್ಜಿ, ಫಾರಂ 7, ಹಾಕಲು ಕೊನೇ ದಿನ 1979ರ ಜೂನ್ 30. ಅದು ಮುಗಿದು ನಲವತ್ತು ವರ್ಷ ದಾಟಿದರೂ ಭಯ ಮುಗಿದಿಲ್ಲ. ಯಾಕೆಂದರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ವಾರಕ್ಕೆ, ಗುತ್ತಿಗೆಗೆ ಅಂತ ಊರಿನಲ್ಲಿ ನಡೆಯುವುದೆಲ್ಲ ಬಾಯಿಮಾತು. 2020ರಲ್ಲಿ ಉಳದವನಿಗೆ ಕೊಳ್ಳುವ ಬಾಗಿಲು ಪೂರ್ತಿ ತೆರೆದರು. ಉಳುವವನಿಗೆ ಕಾಗದ ಮಾಡಿಕೊಂಡು ಗುತ್ತಿಗೆ ಹಿಡಿಯುವ ಬಾಗಿಲು ಮಾತ್ರ ಮುಚ್ಚೇ ಇಟ್ಟರು. ಇದಕ್ಕೆ ಏನಂತೀರಿ? ದುಡ್ಡಿರುವವನ ಕೈಯಲ್ಲಿ ಭೂಮಿ, ಭೂಮಿ ಬೇಕಿರುವವನ ಕೈಯಲ್ಲಿ ಕುಡುಗೋಲು, ನಡುವೆ ಲಾಂಟಾನ.

ಇದನ್ನೆಲ್ಲ ಹೇಳಿದಾಗ ಇನ್ನೊಬ್ಬ ಗೆಳತಿ ಒಂದು ವಾದ ಹೂಡಿದಳು. "ಬಿಡೋ, ಪ್ರಕೃತಿ ವಾಪಸ್ ತಗೋತಿದೆ. ಮನುಷ್ಯ ಕೈ ಹಾಕದಿದ್ರೆ ಕಾಡಾಗುತ್ತೆ. ಒಳ್ಳೇದಲ್ವಾ?" ಕೇಳಕ್ಕೆ ಚೆನ್ನಾಗಿದೆ. ಆದರೆ ಲಾಂಟಾನ ಬೆಳೆದಿದ್ದು ಕಾಡಲ್ಲ. ಇನ್ನೂರು ವರ್ಷದ ಹಿಂದೆ ತೋಟದ ಅಂದಕ್ಕೆ ಅಂತ ಹೊರಗಿನಿಂದ ತಂದ ಗಿಡ, ಇವತ್ತು ಇರುವ ಕಾಡನ್ನೇ ತಿನ್ನುತ್ತಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದನ್ನು ಕಡಿದು ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ.

ಪ್ರಾಣಿ ಪಕ್ಷಿ ಬದುಕಬೇಕು ಅಂದರೆ ಹೆಂಗೆ ಅನ್ನೋದನ್ನ ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಬೇಲಿ ಹಾಕಿದ ಬೀಳಿನಲ್ಲಲ್ಲ. ಊರ ನಡುವೆ, ಜನರ ಹಿತ್ತಲ ಹುಣಸೆ ಮರದಲ್ಲಿ, ಅರಳಿ ಮರದಲ್ಲಿ. ಕೆಳಗೆ ಮಕ್ಕಳು ಆಡುತ್ತಿರುತ್ತವೆ, ಮೇಲೆ ಮರಿಗಳು ಕಿರುಚುತ್ತಿರುತ್ತವೆ. ಹುಣಸೆ ಫಸಲು ಹಾಳಾದರೂ ಜನ ಮರ ಕಡಿಯಲಿಲ್ಲ. ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು, ಅಂದರೆ ಊರವರು ಇದ್ದುಕೊಂಡೇ ಕಾಯುವ ಜಾಗ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನಪು ಮಾಡಿಕೊಳ್ಳಿ. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಕುರಿ ಮೇಯಿಸುತ್ತಾ ದಿನಾ ಕುಂದೂರು ಬೆಟ್ಟದಲ್ಲಿ ಓಡಾಡಿದವರು. ಓಡಾಡಿದ್ದರಿಂದಲೇ ಅಲ್ಲಿನ ಪ್ರಾಣಿ ಪಕ್ಷಿಗೆ ಕುಡಿಯಲು ನೀರಿಲ್ಲ ಅನ್ನೋದು ಕಣ್ಣಿಗೆ ಬಿತ್ತು, ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದರು. ಆ ಬೆಟ್ಟಕ್ಕೆ ಬೇಲಿ ಹಾಕಿ ಬೀಗ ಜಡಿದಿದ್ದರೆ ಒಂದು ಕಟ್ಟೆಯೂ ಆಗುತ್ತಿರಲಿಲ್ಲ. ನೆಲವನ್ನು ಕಾಯುವವರು ಅದರ ಮೇಲೆ ನಡೆಯುವವರು. ನಡೆಯುವುದು ನಿಂತರೆ ನೋಡುವುದು ನಿಲ್ಲುತ್ತೆ.

ಅದಕ್ಕೇ ನಾನು ದಾರಿಯ ವಿಷಯಕ್ಕೆ ಇಷ್ಟು ಜಗಳ ಆಡೋದು. ಕೆಂಚನ ಕಾಲು ವಾಸಿಯಾಗುವ ತನಕ ವಾಕಿಂಗ್ ಇರಲಿಲ್ಲವಲ್ಲ, ಆ ದಿನಗಳಲ್ಲಿ ನಮ್ಮೂರಿನ ಹಳೆಯ ಗ್ರಾಮ ನಕಾಶೆ ಇಳಿಸಿಕೊಂಡು ಕೂತೆ. ಅದರಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ನಮ್ಮ ಓಣಿ ಜೋಡಿ ಗೆರೆಯಾಗಿ ಕಣದಿಂದ ಕೆರೆ ಕೋಡಿಯ ತನಕ ನೆಟ್ಟಗೆ ಹೋಗುತ್ತೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆದು ಅಲ್ಲೇ ನಿಂತು ಸರ್ವೆ ನಂಬರ್ ಹೊಂದಿಸಿ ನೋಡಿದೆ. ನನ್ನ ಗೆಳೆಯನ ಕಬ್ಬಿಣದ ಗೇಟು ಬಂಡಿದಾರಿಯ ನಟ್ಟನಡುವೆ ನಿಂತಿದೆ. ಅವನು ಕೊಂಡ ಎರಡೆಕರೆಗೆ ಸೇರದ ಜಾಗ ಅದು. ನಾನು ಪಹಣಿ ನೋಡಿದ್ದೆ, ಮ್ಯುಟೇಶನ್ ನೋಡಿದ್ದೆ. ನಕಾಶೆ ನೋಡಿರಲಿಲ್ಲ. ಕೋಡ್ ಬರೆಯುವವನಿಗೆ ಇದಕ್ಕಿಂತ ನಾಚಿಕೆ ಬೇಕೆ?

ನಕಾಶೆ ಕಂಡ ದಾರಿಯನ್ನು ಮುಚ್ಚುವ ಹಾಗಿಲ್ಲ. ಮುಚ್ಚಿದ್ದರೆ ತೆರವು ಮಾಡಿಸಿ ರೈತರಿಗೆ ಓಡಾಡಲು ಬಿಡಿಸಿ ಅಂತ 2023ರಲ್ಲಿ ಕಂದಾಯ ಇಲಾಖೆ ತಹಸೀಲ್ದಾರರಿಗೆ ಸುತ್ತೋಲೆ ಕಳಿಸಿದೆ. ನಕಾಶೆಯಲ್ಲಿ ಇಲ್ಲದಿದ್ದರೂ, ಒಬ್ಬ ರೈತ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಅನುಭೋಗ ಹಕ್ಕಿನ ಕಾಯ್ದೆ ಇದೆ. ಅಂದರೆ ನಾವು ಭಿಕ್ಷೆ ಕೇಳುತ್ತಿಲ್ಲ.

ಕಂಪನಿ ಕೆಲಸದ ಮೇಲೆ ಒಂದು ಸಲ ಮೂರು ತಿಂಗಳು ಮ್ಯಾಂಚೆಸ್ಟರಿನಲ್ಲಿದ್ದೆ. ಭಾನುವಾರ ಹತ್ತಿರದ ಗುಡ್ಡಕ್ಕೆ ಹೋದರೆ, ಯಾರದೋ ಕುರಿ ಮೇಯುವ ಹೊಲದ ನಡುವೆಯೇ ದಾರಿ. ಬೇಲಿ ಇದೆ, ಆದರೆ ದಾಟಲು ಮೆಟ್ಟಿಲು ಇಟ್ಟಿದ್ದಾರೆ. ಬೋರ್ಡಿನಲ್ಲಿ ಎರಡೇ ಮಾತು: ನಾಯಿಗೆ ಹಗ್ಗ ಹಾಕಿ, ಗೇಟು ಮುಚ್ಚಿಕೊಂಡು ಹೋಗಿ. ಇದು ಅಲ್ಲಿನ ಜಮೀನ್ದಾರರ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ. 1932ರ ಏಪ್ರಿಲಿನಲ್ಲಿ ಅಲ್ಲೇ ಕಿಂಡರ್ ಸ್ಕೌಟ್ ಅನ್ನುವ ಗುಡ್ಡಕ್ಕೆ ನೂರಾರು ಕಾರ್ಮಿಕ ಹುಡುಗರು ಅಪ್ಪಣೆ ಇಲ್ಲದೆ ನುಗ್ಗಿ ನಡೆದರು, ಐವರು ಜೈಲಿಗೆ ಹೋದರು. 1949ರಲ್ಲಿ ಕಾಲುದಾರಿಗಳನ್ನೆಲ್ಲ ನಕಾಶೆಗೆ ಇಳಿಸುವ ಕಾನೂನು ಬಂತು, 2000ದಲ್ಲಿ ಬಯಲು ಗುಡ್ಡಗಳಲ್ಲಿ ನಡೆಯುವ ಹಕ್ಕಿನ ಕಾನೂನು ಬಂತು. ಅಲ್ಲಿ ಹೊಸದಾಗಿ ಹೋರಾಡಿ ಪಡೆದದ್ದು ನಮಗೆ ಅಪ್ಪ ಅಜ್ಜನ ಕಾಲದಿಂದ ಸುಮ್ಮನೆ ಇತ್ತು. ಇದ್ದದ್ದನ್ನು ಕಳೆದುಕೊಳ್ಳುತ್ತಾ ಇದ್ದೀವಿ, ಅದೂ ವೀಕೆಂಡಿಗೆ ಬರುವವರ ಕೈಗೆ. 1938ರಲ್ಲಿ ನಿಷೇಧ ಮುರಿದು ಶಿವಪುರದಲ್ಲಿ ಬಾವುಟ ಹಾರಿಸಿದ ಮದ್ದೂರು ಇದು ಅನ್ನೋದು ಒಂದು ಸಲ ನೆನಪಿಗೆ ಬಂದರೆ ಸಾಕು.

ಕೊಂಡವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಬೇಲಿ ಹಾಕುವ ಮುಂಚೆ ಊರಿನ ನಕಾಶೆ ನೋಡಿ, ನಾಲ್ಕು ಜನ ಹಿರಿಯರನ್ನು ಕೇಳಿ, ದಾರಿ ಬಿಟ್ಟು ಕಂಬ ನೆಡಿ. ಪಾರ್ಥೇನಿಯಂ ಹೂ ಬಿಡುವ ಮುಂಚೆ ಕೀಳಿಸಿ. ಲಾಂಟಾನ ಬುಡಸಮೇತ ತೆಗೆಸಿ. ಬೆಳೆಯಲು ಆಗದಿದ್ದರೆ ಹೊಂಗೆ, ಬೇವು, ಹುಣಸೆ ಹಾಕಿ. ಅದೂ ಆಗದಿದ್ದರೆ ಬೀಗ ತೆಗೆದಿಡಿ, ಕುರಿ ಮೇಯಲಿ. ವರ್ಷಕ್ಕೆ ನಾಲ್ಕು ಸಲವಾದರೂ ಬಂದು ನಿಮ್ಮ ನೆಲದ ಮೇಲೆ ಕಾಲಿಟ್ಟು ನಡೆಯಿರಿ. ಇಷ್ಟೂ ಕಷ್ಟ ಅನ್ನಿಸಿದರೆ ಮ್ಯೂಚುವಲ್ ಫಂಡ್ ತಗೊಳ್ಳಿ. ಅದರ ಮೇಲೆ ಯಾರ ಚಟ್ಟವೂ ಹೋಗಬೇಕಾಗಿಲ್ಲ.

ಗೆಳೆಯನಿಗೆ ನಕಾಶೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ, "ಗೇಟು ಹಿಂದಕ್ಕೆ ಹಾಕಿಸ್ತೀನಿ, ಆದ್ರೆ ದಾರಿ ಬಿಟ್ರೆ ರೇಟ್ ಕಮ್ಮಿ ಆಗುತ್ತಾ?" ಅಂತ ಮೆಸೇಜು. ಪಕ್ಕದ ಇನ್ನೂ ಮೂವರು ಓನರುಗಳ ನಂಬರ್ ಹುಡುಕಿ ಫೋನ್ ಮಾಡಿದೆ. ಒಬ್ಬರು ಎತ್ತಿದರು, ನಾನು ಬ್ರೋಕರ್ ಅಂದುಕೊಂಡು ಎಷ್ಟಕ್ಕೆ ಹೋಗುತ್ತೆ ಅಂತ ಕೇಳಿದರು. ನಕಾಶೆಯ ನಕಲು ಲಗತ್ತಿಸಿ ಊರಿನ ಹದಿನೆಂಟು ಜನರ ಸಹಿಯೊಂದಿಗೆ ಅರ್ಜಿ ಬರೆದಿದ್ದೇವೆ, ಸೋಮವಾರ ಕೊಡಬೇಕು. ಮೊದಲ ಸಹಿ ದೊಡ್ಡಪ್ಪನದು. "ನಾಯಿದೂ ಒಂದ್ ಹೆಬ್ಬೆಟ್ಟು ಒತ್ಸು, ಅದೇ ಅಲ್ವಾ ದಿನಾ ಓಡಾಡದು" ಅಂದ.

ಕೆಂಚ ಈಗ ಮತ್ತೆ ಆರು ಗಂಟೆಗೆ ಬಾಗಿಲು ಕೆರೆಯುತ್ತಾನೆ. ಓಣಿ ತನಕ ಮೂರು ಕಾಲಲ್ಲಿ ಓಡುತ್ತಾನೆ. ಗೇಟಿನ ಹತ್ತಿರ ಬಂದಾಗ ನಿಲ್ಲುತ್ತಾನೆ, ಮೂಸುತ್ತಾನೆ, ತಂತಿ ಕೆಳಗೆ ನುಸುಳುವುದಿಲ್ಲ. ನನ್ನ ಮುಖ ನೋಡುತ್ತಾನೆ. ನಾನು ಬೀಗ ನೋಡುತ್ತೇನೆ. ಆಮೇಲೆ ಇಬ್ಬರೂ ತಿರುಗಿ ಬರ್ತೀವಿ.